ಕೌಸಲ್ಯಾ ನಕ್ಕ ದಿನ

ತಿರುಗಾಟಕ್ಕೆ ಹೊರಡುವುದೆಂದು ತೀರ್ಮಾನವಾದದ್ದು ಕೌಸಲ್ಯಾಳ ಎದುರಿನಲ್ಲೇ. ಅವಳು ಹೂಂ ಎಂದದ್ದೂ ಹೌದು. ಆದರೆ ಯಾವುದಕ್ಕೆ ಹೂಂ ಎಂದೆ ಎಂದು ಗೊತ್ತಾದದ್ದು ಮನೆಗೆ ಬಂದು, ಅನ್ನಕ್ಕಿಟ್ಟು, ಮೊಬೈಲು ತೆರೆದ ಮೇಲೆ. “ಬರುವ ಶನಿವಾರ ಬೆಳಿಗ್ಗೆ ದರ್ಬೆಯಿಂದ ಹೊರಡುದು. ಸುಳ್ಯ, ಬೆಳ್ಳಾರೆ, ಕಡಬ. ಎಲ್ಲ ಉಲ್ಲನ್ ಅಂಗಡಿ ನೋಡಿ ಸಂಜೆಗೆ ವಾಪಸ್. ನಾಲ್ಕು ಜನವೂ ಒಪ್ಪಿದ್ದಾರೆ” ಎಂದು ಮುಹ್ಸಿನಾ ಬರೆದಿದ್ದಳು. ಆ ನಾಲ್ಕನೆಯವಳು ತಾನೇ ಎಂದು ಕೌಸಲ್ಯಾಳಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಶನಿವಾರ ಮಧ್ಯಾಹ್ನ ಮುಹ್ಸಿನಾಳ ಮನೆಯಲ್ಲಿ ಕೂತು ಹೆಣೆಯುವುದು ಎರಡು ವರ್ಷದಿಂದ ನಡೆದು ಬಂದಿತ್ತು. ಮುಹ್ಸಿನಾಳ ಗಂಡ ಕೆಲಸಕ್ಕೆಂದು ವಿದೇಶದಲ್ಲಿ, ದಮ್ಮಾಮಿನಲ್ಲಿ. ಪುತ್ತೂರಿನ ದರ್ಬೆಯ ದೊಡ್ಡ ಮನೆಯಲ್ಲಿ ಅತ್ತೆಯೊಡನೆ ಇರುವ ಅವಳು ಹೊತ್ತು ಕಳೆಯಲೆಂದು ಕ್ರೋಶಾ ಕಡ್ಡಿ ಹಿಡಿದವಳು, ಈಗ ಮಕ್ಕಳ ಸ್ವೆಟರು, ಟೊಪ್ಪಿ ಎಲ್ಲ ಹೆಣೆಯುತ್ತಿದ್ದಳು. ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವ ಭವಿತಾ ಎಲ್ಲರಿಗಿಂತ ಚಿಕ್ಕವಳು. ಅವಳು ಹೆಣೆದ ಚೀಲಗಳು ಇನ್‌ಸ್ಟಾಗ್ರಾಮಿನಲ್ಲಿ ಮಾರಿ ಹೋಗುತ್ತಿದ್ದವು. ಎಲ್ಲರಿಗಿಂತ ದೊಡ್ಡವರು ಚಂಚಲಾಕ್ಷಿ. ಅಂಚೆ ಕಚೇರಿಯಿಂದ ನಿವೃತ್ತರಾದವರು, ಎಲ್ಲರ ಬಾಯಲ್ಲೂ ಚಂಚಲಕ್ಕ. ಮೂರು ವರ್ಷದಿಂದ ಒಂದೇ ಮೇಜುಹಾಸು ಹೆಣೆಯುತ್ತಿದ್ದರು. ಕೈಗಿಂತ ಬಾಯಿ ಹೆಚ್ಚು ಕೆಲಸ ಮಾಡುತ್ತಿತ್ತು. ಆದರೆ ಅವರಿಲ್ಲದ ಶನಿವಾರ ಯಾರಿಗೂ ರುಚಿಸುತ್ತಿರಲಿಲ್ಲ.

ಕೌಸಲ್ಯಾ ಅಲ್ಲಿಗೆ ಹೋಗುತ್ತಿದ್ದದ್ದು ಕೈಯಲ್ಲಿ ಸೂಜಿ ಇದ್ದರೆ ತಲೆ ತಗ್ಗಿಸಿ ಕೂರಬಹುದು ಎಂಬ ಕಾರಣಕ್ಕೆ. ತಲೆ ತಗ್ಗಿಸಿ ಕೂತವಳು ಮಾತಾಡದಿದ್ದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ.

ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಅದು ಅವಳಿಗೇ ಗೊತ್ತಾದದ್ದು ಊರೆಲ್ಲ ಮಾಸ್ಕ್ ಹಾಕಿಕೊಂಡ ಕಾಲದಲ್ಲಿ. ಜನರ ತುಟಿ ಮುಚ್ಚಿದ ಕೂಡಲೇ ಮಾತೂ ಮುಚ್ಚಿಹೋಯಿತು. ತಾನು ಎಷ್ಟೋ ವರ್ಷದಿಂದ ಕೇಳುತ್ತಿದ್ದದ್ದು ಅರ್ಧ ಕಣ್ಣಿನಿಂದ ಎಂದು ಆಗ ತಿಳಿಯಿತು. ಎಡಗಿವಿ ಮೊದಲು ಪೂರ್ತಿ ಹೋಯಿತು. ಬಲಗಿವಿ ನಿಧಾನವಾಗಿ ಅದರ ಹಿಂದೆಯೇ ಹೊರಟಿತ್ತು. ಅವಳು ಖಾಸಗಿ ಶಾಲೆಯೊಂದರಲ್ಲಿ ನಾಲ್ಕನೇ ಕ್ಲಾಸಿನ ಟೀಚರ್ ಆಗಿದ್ದಳು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಂದು ದಿನ ಎದ್ದು ನಿಂತು ಏನೋ ಹೇಳಿದಾಗ “ಸರಿ ಉತ್ತರ, ಕೂತ್ಕೋ” ಎಂದಿದ್ದಳು. ಹುಡುಗಿ ಮತ್ತೆ ಎದ್ದಳು, ಇವಳು ಮತ್ತೆ ಕೂರಿಸಿದಳು. ಆ ಮಗು ಕೇಳುತ್ತಿದ್ದದ್ದು ಹೊರಗೆ ಹೋಗಲು ಅನುಮತಿ. ಬೆಂಚಿನ ಕೆಳಗೆ ಒದ್ದೆಯಾದದ್ದನ್ನು ನೋಡಿ ಕ್ಲಾಸಿಡೀ ನಕ್ಕಿತು. ಮಗು ಅಳುತ್ತಾ ನಿಂತಿತ್ತು. ಮುಂದಿನ ಜೂನ್‌ನಲ್ಲಿ ಶಾಲೆ ಶುರುವಾದಾಗ ಕೌಸಲ್ಯಾ ಹೋಗಲಿಲ್ಲ. ಮೊಣಕಾಲು ನೋವು ಎಂದಳು. ಜನ ನಂಬಿದರು.

ಕಿವಿಯ ಡಾಕ್ಟರ ಹತ್ತಿರ ಹೋಗಬೇಕೆಂದು ಅವಳಿಗೆ ತೋರದೆ ಇರಲಿಲ್ಲ. ಆದರೆ ಹೋದರೆ ಅದಕ್ಕೊಂದು ಹೆಸರು ಬರುತ್ತದೆ, ಹೆಸರು ಬಂದದ್ದು ಊರಿಗೆಲ್ಲ ಗೊತ್ತಾಗುತ್ತದೆ. ಕಿವುಡಿ ಎಂಬ ಮಾತನ್ನು ಅವಳು ಚಿಕ್ಕಂದಿನಲ್ಲಿ ತನ್ನ ದೊಡ್ಡಮ್ಮನ ಬೆನ್ನ ಹಿಂದೆ ಮಕ್ಕಳೆಲ್ಲ ಹೇಳುವುದನ್ನು ಕೇಳಿದವಳು. ತಾನೂ ಹೇಳಿದವಳು.

ಮನೆಯಲ್ಲಿ ಗಂಡ ಹರಿಪ್ರಸಾದ್ ಮೊದಲೇ ಮಿತಭಾಷಿ. ಮೋಟಾರ್ ವೈಂಡಿಂಗ್ ಅಂಗಡಿಯಿಂದ ಸಂಜೆ ಬಂದವನು ಏನಾದರೂ ಹೇಳುತ್ತಿದ್ದ. ಇವಳು “ಎಂತ?” ಎಂದು ಕೇಳಿದರೆ ಇನ್ನೊಮ್ಮೆ ಹೇಳುತ್ತಿದ್ದ. ಮತ್ತೂ “ಎಂತ?” ಎಂದರೆ, “ಎಂತ ಇಲ್ಲ, ಬಿಡು” ಎನ್ನುತ್ತಿದ್ದ. ಹಾಗೆ ಬಿಟ್ಟ ಮಾತುಗಳು ಎಷ್ಟೋ. ಕೆಲವು ಸಮಯದಿಂದ ಅವನು ಶುರು ಮಾಡುವುದನ್ನೇ ನಿಲ್ಲಿಸಿದ್ದ. ಮಂಗಳೂರಿನಲ್ಲಿ ನರ್ಸಿಂಗ್ ಓದುವ ಮಗಳು ಗಾನಶ್ರೀ ಕಳಿಸುವ ವಾಯ್ಸ್ ಮೆಸೇಜುಗಳಿಗೆ ಕೌಸಲ್ಯಾ ಹೆಬ್ಬೆಟ್ಟಿನ ಚಿತ್ರ ಕಳಿಸುತ್ತಿದ್ದಳು. ಒಳ್ಳೆಯ ಸುದ್ದಿಗೂ ಅದೇ, ಕೆಟ್ಟ ಸುದ್ದಿಗೂ ಅದೇ.

ತಿರುಗಾಟಕ್ಕೆ ಬರುವುದಿಲ್ಲ ಎಂದು ಬರೆಯಲು ಎರಡು ಸಲ ಮೊಬೈಲು ತೆಗೆದಳು. ಆಮೇಲೆ, ಶಾಲೆ ಬಿಟ್ಟ ಮೇಲೆ ದರ್ಬೆ ದಾಟಿ ಎಲ್ಲಿಗೂ ಹೋಗಿಲ್ಲವಲ್ಲ ಎಂದು ನೆನಪಾಯಿತು. ಅವಳು ಹೆಣೆಯುತ್ತಿದ್ದ ಶಾಲಿಗೆ ಬೇಕಾದ ಕಡು ಹಸಿರು ಪುತ್ತೂರಿನ ಫ್ಯಾನ್ಸಿ ಅಂಗಡಿಗಳಲ್ಲಿ ಸಿಕ್ಕಿರಲಿಲ್ಲ. ಹೋಗಿ ಬರುವ ಎಂದುಕೊಂಡಳು.

ಡಿಸೆಂಬರಿನ ಬೆಳಗು. ಮುಹ್ಸಿನಾ ಕಾರು ತಂದು ನಿಲ್ಲಿಸಿದಾಗ ಕೌಸಲ್ಯಾ ಮುಂದಿನ ಸೀಟಿನ ಬಾಗಿಲಿಗೆ ಕೈ ಹಾಕಿದ್ದಳು. ಅಲ್ಲಿ ಕೂತರೆ ಬಲಗಿವಿ ಮುಹ್ಸಿನಾಳ ಕಡೆಗಿರುತ್ತದೆ, ಹೇಗಾದರೂ ಸುಧಾರಿಸಬಹುದು ಎಂಬ ಲೆಕ್ಕ ಅವಳದು. ಆದರೆ ಭವಿತಾ, “ಅಕ್ಕ, ನನಗೆ ಹಿಂದೆ ಕೂತ್ರೆ ತಿರುವಿನಲ್ಲಿ ವಾಂತಿ ಬರ್ತದೆ, ನಾನು ಮುಂದೆ ಕೂರುದಾ?” ಎಂದು ಹೊಟ್ಟೆ ಹಿಡಿದು ತೋರಿಸಿದಳು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತದೆ. ಕೌಸಲ್ಯಾ ಹಿಂದೆ ಹೋಗಿ ಮುಹ್ಸಿನಾಳ ಬೆನ್ನ ಹಿಂದೆ ಕೂತಳು. ಆಚೆ ಬದಿಯಿಂದ ಚಂಚಲಕ್ಕ ಹತ್ತಿದರು. ಕೇಳುವ ಕಿವಿ ಕಿಟಕಿಯ ಗಾಳಿಗೆ, ಕೇಳದ ಕಿವಿ ಚಂಚಲಕ್ಕನಿಗೆ.

ಸುಳ್ಯದ ದಾರಿಯುದ್ದಕ್ಕೂ ಚಂಚಲಕ್ಕ ಮಾತಾಡಿದರು. ಗಂಡ ಚೆನ್ನಪ್ಪ ಕೈಗೆ ಹೊಸ ತರದ ವಾಚು ಕಟ್ಟಿಕೊಂಡು, ಅದು ಎದ್ದು ನಡೆ ಎಂದಾಗಲೆಲ್ಲ ನಡುಮನೆಯಲ್ಲಿ ಎದ್ದು ನಡೆಯುವ ಕತೆ. ಇಷ್ಟು ಕೌಸಲ್ಯಾಳಿಗೆ ತಿಳಿದದ್ದು ಅವರು ಮಣಿಕಟ್ಟು ತೋರಿಸಿ, ಕೂತಲ್ಲೇ ನಡೆದು ತೋರಿಸಿದ್ದರಿಂದ. ಮುಂದಿನ ಸೀಟಿನಲ್ಲಿ ಭವಿತಾಳ ಭುಜ ಕುಲುಕಿದಾಗಲೆಲ್ಲ ಕೌಸಲ್ಯಾ ನಗುತ್ತಿದ್ದಳು. ಅದು ಅವಳು ಕಂಡುಕೊಂಡ ಉಪಾಯ. ಯಾರಾದರೊಬ್ಬರ ಭುಜದ ಮೇಲೆ ಕಣ್ಣಿಟ್ಟರೆ ಸಾಕು, ನಗೆ ತಪ್ಪುವುದಿಲ್ಲ.

ಜಾಲ್ಸೂರು ದಾಟಿತು. ಚಂಚಲಕ್ಕ ಈಗ ಕಿಟಕಿಯ ಕಡೆ ಮುಖ ಮಾಡಿ ಮಾತಾಡುತ್ತಿದ್ದರು. ಅವರ ಕೆನ್ನೆಯ ಅಂಚು ಮಾತ್ರ ಕಾಣುತ್ತಿತ್ತು. ಮಾತು ಮುಂದುವರಿದಿದೆ ಎಂಬುದು ಗೊತ್ತಾಗುತ್ತಿತ್ತು, ಯಾವ ಮಾತು ಎಂದಲ್ಲ. ಒಂದು ದೊಡ್ಡ ತಿರುವು ಬಂತು. ಭವಿತಾ ಬಾಯಿಗೆ ಕೈ ಅಡ್ಡ ಹಿಡಿದಳು, ಅವಳ ಭುಜಗಳು ಜೋರಾಗಿ ಕುಲುಕಿದವು.

ಕೌಸಲ್ಯಾ ನಕ್ಕಳು. ಹಿಂದೆ ಬಿದ್ದೆನೋ ಎಂಬ ಗಾಬರಿಯಲ್ಲಿ ಸ್ವಲ್ಪ ಜೋರಾಗಿಯೇ ನಕ್ಕಳು.

ಚಂಚಲಕ್ಕ ತಿರುಗಿ ಅವಳನ್ನು ನೋಡಿದರು. ಅವರ ಮುಖದಲ್ಲಿ ವಾಚಿನ ಕತೆಯ ಗುರುತೂ ಇರಲಿಲ್ಲ. ಕನ್ನಡಿಯಲ್ಲಿ ಮುಹ್ಸಿನಾಳ ಕಣ್ಣು ಒಮ್ಮೆ ಇವಳ ಕಡೆ ಬಂದು ರಸ್ತೆಗೆ ಮರಳಿತು. ಭವಿತಾ ನಕ್ಕದ್ದಲ್ಲ, ಹೊಟ್ಟೆ ತೊಳಸಿ ಕೆಮ್ಮಿದ್ದು ಎಂದು ಕೌಸಲ್ಯಾಳಿಗೆ ತಿಳಿದದ್ದು ಆಗ. ಬೇರೆ ಏನಾಯಿತೆಂದು ತಿಳಿಯಲಿಲ್ಲ. ಚಂಚಲಕ್ಕ ಮತ್ತೆ ಕಿಟಕಿಗೆ ತಿರುಗಿದರು. ಸುಳ್ಯದವರೆಗೆ ಕಾರಿನಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಎಲ್ಲರಿಗೂ ಒಂದೇ ಸಮ ಕೇಳಿಸಿದ ಮೌನ ಅದೊಂದೇ.

ಸುಳ್ಯ ಬಸ್‌ಸ್ಟ್ಯಾಂಡಿನ ಹತ್ತಿರದ ತೀರ್ಥರಾಮರ ಅಂಗಡಿಯಲ್ಲಿ ಮಡಿಕೇರಿ ಕಡೆಯವರು ಬಂದು ಸ್ವೆಟರಿನ ಉಲ್ಲನ್ ಕೊಳ್ಳುತ್ತಾರೆ. ಹಾಗಾಗಿ ಅಲ್ಲಿ ಬಣ್ಣಗಳು ಜಾಸ್ತಿ. ಗೋಡೆಯ ಹಲಗೆಗಳಲ್ಲಿ ನೆಲದಿಂದ ಮಾಡಿನವರೆಗೆ ಉಂಡೆಗಳನ್ನು ಒತ್ತಿ ಇಟ್ಟಿದ್ದರು. ಒಳಗೆ ಕಾಲಿಟ್ಟಾಗ ಕೌಸಲ್ಯಾಳಿಗೆ ನಿಜವಾದ ಸಂತೋಷವೇ ಆಯಿತು. ಒಂದೊಂದೇ ಉಂಡೆ ಕೈಗೆತ್ತಿ ಎಳೆಯನ್ನು ಬೆರಳಿನ ನಡುವೆ ತಿರುವಿ ನೋಡಿದಳು. ಇದು ಒಗೆದರೆ ಗಡುಸಾಗುವ ಜಾತಿ, ಇದು ಮಗುವಿನ ಕೆನ್ನೆಗೆ ತಾಗಿದರೂ ಚುಚ್ಚದ್ದು. ಬೆರಳಿಗೆ ಯಾರೂ ಎರಡು ಸಲ ಹೇಳಬೇಕಾಗಿಲ್ಲ.

ಚಂಚಲಕ್ಕ ಅಂಗಡಿಗೆ ಬಂದಿರಲಿಲ್ಲ.

“ಚಂಚಲಕ್ಕ ಎಲ್ಲಿ?” ಎಂದು ಭವಿತಾಳನ್ನು ಕೇಳಿದಳು.

ಭವಿತಾ ಉಂಡೆಗಳ ರಾಶಿಗೆ ಬಗ್ಗಿಕೊಂಡೇ ಏನೋ ಹೇಳಿದಳು. ಕೌಸಲ್ಯಾ “ಹೌದಾ” ಎಂದಳು. ಆ ಉತ್ತರ ಎಲ್ಲ ಕಡೆಗೂ ಹೊಂದುತ್ತದೆ ಎಂದು ಅವಳು ನಂಬಿದ್ದಳು. ಈ ಸಲ ಭವಿತಾ ತಲೆಯೆತ್ತಿ ಅವಳನ್ನು ವಿಚಿತ್ರವಾಗಿ ನೋಡಿ, ಮುಹ್ಸಿನಾಳ ಪಕ್ಕಕ್ಕೆ ಹೋಗಿ ನಿಂತಳು.

ಅಷ್ಟರಲ್ಲಿ ಸ್ಟೂಲು ಹತ್ತಿದ್ದ ತೀರ್ಥರಾಮರು ಗೋಡೆ ಕಡೆ ಮುಖ ಮಾಡಿ ಏನೋ ಕೇಳಿದರು. ಹಸಿರು ಕೇಳಿದ್ದಳಲ್ಲ, ಅದರ ವಿಷಯವೇ ಇರಬೇಕೆಂದು ಕೌಸಲ್ಯಾ ಹೂಂಗುಟ್ಟಿದಳು. ಅವರು ಮೇಲಿಂದ ಸಾಸಿವೆ ಹಳದಿಯ ಒಂದು ಇಡೀ ಕಟ್ಟನ್ನು ಇಳಿಸಿ, ಧೂಳು ಹೊಡೆದು, ಚೀಲಕ್ಕೆ ತುಂಬಿದರು. ಹಸಿರು ಇಲ್ಲ, ಹಳದಿ ಆಗಬಹುದಾ, ಪೂರ್ತಿ ಕಟ್ಟು ಕೊಡುದಾ ಎಂದು ಕೇಳಿದ್ದಿರಬೇಕು. ಬೇಡ ಎನ್ನಲು ಈಗ ತಡವಾಗಿತ್ತು. ಆ ಬಣ್ಣ ಯಾರಿಗೂ ಒಪ್ಪುವಂಥದ್ದಲ್ಲ. ಅವಳು ಚೀಲ ತೆಗೆದುಕೊಂಡು, “ಒಳ್ಳೆದಾಯ್ತು” ಎಂದಳು.

ಚಂಚಲಕ್ಕ ತಿರುಗಿ ಬಂದದ್ದು ಎಲ್ಲರೂ ಕಾರಿನ ಹತ್ತಿರ ನಿಂತ ಮೇಲೆ. ಆಟೋದಿಂದ ಇಳಿದರು, ಸೆರಗಿನಿಂದ ಮೂಗು ಒರೆಸಿಕೊಂಡರು. ಬೆಳಗಿನ ಬಿಗುವನ್ನು ಹೇಗಾದರೂ ಸಡಿಲಿಸಬೇಕೆಂದು ಕೌಸಲ್ಯಾ ತಾನೇ ಮುಂದಾದಳು.

“ಎಲ್ಲಿ ಹೋದದ್ದು ಚಂಚಲಕ್ಕ? ನೀವು ಬರುವಷ್ಟರಲ್ಲಿ ಒಳ್ಳೆ ಬಣ್ಣ ಎಲ್ಲ ನಾವೇ ಖಾಲಿ ಮಾಡಿದೆವು.”

ಚಂಚಲಕ್ಕ ಉತ್ತರ ಕೊಡದೆ ಕಾರು ಹತ್ತಿದರು. ಮುಹ್ಸಿನಾ ಕಣ್ಣಲ್ಲೇ ಬೇಡ ಎಂಬಂತೆ ಸನ್ನೆ ಮಾಡಿದಳು. ಏನು ಬೇಡ ಎಂದು ಕೌಸಲ್ಯಾಳಿಗೆ ಅರ್ಥವಾಗಲಿಲ್ಲ. ನನ್ನ ಮೇಲೆ ಇವರಿಗೆ ಯಾಕೆ ಇಷ್ಟು ಕೋಪ ಎಂದು ಬೆಳ್ಳಾರೆಯವರೆಗೂ ಯೋಚಿಸಿದಳು. ನೇರವಾಗಿ ಕೇಳಬಹುದಿತ್ತು. ಕೇಳಿದರೆ ಅವರು ಹೇಳುತ್ತಾರೆ, ಹೇಳಿದ್ದು ತನಗೆ ಕೇಳುವುದಿಲ್ಲ, ಆಗ ಇನ್ನೊಂದು ತಪ್ಪಾಗುತ್ತದೆ. ಹೊರಗೆ ರಬ್ಬರು ತೋಟದ ನೆರಳು, ಬಿಸಿಲು, ಮತ್ತೆ ನೆರಳು. ಸುಮ್ಮನೆ ಕೂತಳು.

ಬೆಳ್ಳಾರೆಯಲ್ಲಿ ಊಟ ಮುಗಿಸಿ ಮೈಮೂನಮ್ಮನ ಅಂಗಡಿಗೆ ಹೋದರು. ಅಂಗಡಿ ಎಂದರೆ ಮನೆಯ ಎದುರಿನ ಕೋಣೆ. ಗಾಜಿನ ಬಾಟಲಿಗಳಲ್ಲಿ ಗುಂಡಿ, ಜರಿ, ಮಣಿ. ಮರದ ಪೆಟ್ಟಿಗೆಯಲ್ಲಿ ಉಲ್ಲನ್. ಮೈಮೂನಮ್ಮ ಮುಹ್ಸಿನಾಳ ಅತ್ತೆಗೆ ದೂರದ ಸಂಬಂಧ. ಇಬ್ಬರೂ ತಮ್ಮ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಮಾತು ಶುರು ಮಾಡಿದರು. ಭವಿತಾ ಅರ್ಥವಾಗದೆ ಪಿಳಿಪಿಳಿ ನೋಡುತ್ತಾ ಕೂತಳು. ಚಂಚಲಕ್ಕನೂ ಹಾಗೆಯೇ. ಅರ್ಥವಾಗದವರ ನಡುವೆ ಅರ್ಥವಾಗದೆ ಕೂತಾಗ ಕೌಸಲ್ಯಾಳಿಗೆ ಮೈ ಹಗುರಾಯಿತು. ಎಷ್ಟೋ ತಿಂಗಳಲ್ಲಿ ಮೊದಲ ಸಲ ಅವಳು ಯಾರ ಭುಜವನ್ನೂ ನೋಡದೆ ಕೂತಿದ್ದಳು.

ಮೈಮೂನಮ್ಮ ಬಣ್ಣ ಹೊಂದಿಸಲೆಂದು ಅವಳು ತಂದು ಮಡಿಲಲ್ಲಿಟ್ಟುಕೊಂಡಿದ್ದ ಅರ್ಧ ಹೆಣೆದ ಶಾಲನ್ನು ಕಂಡು ಎದ್ದು ಬಂದರು. ಎದುರು ಮಣೆ ಹಾಕಿ ಕೂತು, ಶಾಲಿನ ಹಿಂಬದಿಯನ್ನು ಮಗುಚಿ, ಗಂಟು ಎಲ್ಲಿ ಮುಚ್ಚಿದ್ದಾಳೆಂದು ಬೆರಳಾಡಿಸಿ ನೋಡಿದರು. ಆಮೇಲೆ ಅವಳ ಮುಖಕ್ಕೇ ಮುಖವಿಟ್ಟು, “ಯಾರು ಕಲಿಸಿದ್ದು ನಿಮಗೆ?” ಎಂದು ಕೇಳಿದರು.

ಪೂರ್ತಿ ವಾಕ್ಯ. ಒಂದು ಅಕ್ಷರವೂ ಉದುರದೆ ಬಂದು ಮುಟ್ಟಿತು.

“ನಮ್ಮ ದೊಡ್ಡಮ್ಮ. ಕಡಬದಲ್ಲಿ ಇದ್ದದ್ದು ಅವರು.”

“ಕೈ ಒಳ್ಳೆದುಂಟು. ಹಿಂಬದಿ ಮುಂಬದಿ ಒಂದೇ ಹಾಗೆ ಕಾಣ್ತದೆ. ಈಗಿನವರು ಹಿಂಬದಿ ಯಾರು ನೋಡ್ತಾರೆ ಅಂತ ಬಿಡ್ತಾರೆ.”

ಕೌಸಲ್ಯಾಳ ಕಣ್ಣಲ್ಲಿ ನೀರು ಬಂತು. ಹೊಗಳಿಕೆಗೆ ಬಂದದ್ದೆಂದು ಮೈಮೂನಮ್ಮ ಎಣಿಸಿ ಅವಳ ಕೈ ತಟ್ಟಿದರು.

ಪಂಜದ ಮೇಲೆ ಹಾದು ಕಡಬ ತಲುಪಿದಾಗ ಬಿಸಿಲು ಇಳಿಯತೊಡಗಿತ್ತು. ಮುಹ್ಸಿನಾ ಮುಖ್ಯವಾಗಿ ಬಂದದ್ದು ಇಲ್ಲಿಗೆ. ಅಚ್ಚುತ ಎಂಬವರ ಹಳೆ ಅಂಗಡಿಯನ್ನು ರಸ್ತೆ ಅಗಲ ಮಾಡುವುದಕ್ಕಾಗಿ ಒಡೆಯಲಿದ್ದರು, ಇದ್ದಬದ್ದ ನೂಲನ್ನೆಲ್ಲ ಅವರು ಮಾರಿ ಮುಗಿಸುತ್ತಿದ್ದರು. ಅರ್ಧ ಬರಿದಾದ ಅಂಗಡಿಯಲ್ಲಿ ಮುಹ್ಸಿನಾ, ಭವಿತಾ ಇಬ್ಬರೂ ಸೆರಗು, ಶಾಲು ಕಟ್ಟಿಕೊಂಡು ರಟ್ಟಿನ ಪೆಟ್ಟಿಗೆಗಳೊಳಗೆ ಇಳಿದರು. ಒಂದು ಪೆಟ್ಟಿಗೆಯ ತಳದಲ್ಲಿ ಹತ್ತಿ ನೂಲು ಇತ್ತು, ಬಿಳಿ, ತೆಳು, ಚಂಚಲಕ್ಕನ ಮೇಜುಹಾಸಿಗೆ ಹೇಳಿ ಮಾಡಿಸಿದಂಥದ್ದು. ಚಂಚಲಕ್ಕ ಮಾತ್ರ ಕಾರಿನಿಂದ ಇಳಿದಿರಲಿಲ್ಲ.

ಕೌಸಲ್ಯಾ ಎರಡು ಲಡಿ ಹಿಡಿದುಕೊಂಡು ಕಾರಿನ ಹತ್ತಿರ ಹೋದಳು. ಕಿಟಕಿಯ ಗಾಜು ಇಳಿದಿತ್ತು.

“ಬನ್ನಿ ಚಂಚಲಕ್ಕ. ನಿಮಗೆ ಬೇಕಾದದ್ದೇ ಉಂಟು, ನೋಡಿ.”

ಚಂಚಲಕ್ಕ ಮೆಲ್ಲನೆ ಅವಳ ಕಡೆ ತಿರುಗಿದರು. ಬೆಳಗಿನಿಂದ ಒಳಗೇ ಇಟ್ಟುಕೊಂಡದ್ದನ್ನು ಒಂದೊಂದೇ ಶಬ್ದ ಬಿಡಿಸಿ, ನೇರ ಅವಳ ಮುಖಕ್ಕೆ ಹೇಳಿದರು. ಸಿಟ್ಟಿನಿಂದ ತುಟಿಗಳು ಎಷ್ಟು ಸ್ಪಷ್ಟವಾಗಿ ಆಡಿದವೆಂದರೆ ಕೌಸಲ್ಯಾಳಿಗೆ ಒಂದೂ ತಪ್ಪಲಿಲ್ಲ.

“ನನ್ನ ತಂಗಿ ಸಾಯ್ಲಿಕ್ಕೆ ಬಿದ್ದಿದ್ದಾಳೆ, ನೋಡ್ಲಿಕ್ಕೆ ಹೋಗ್ಲಿಕ್ಕೆ ಧೈರ್ಯ ಬರುದಿಲ್ಲ ಅಂತ ನಾನು ಹೇಳ್ತಾ ಇದ್ರೆ ನೀನು ನಗ್ತೀಯಲ್ಲ ಕೌಸಲ್ಯಾ. ಅಷ್ಟು ಎಂತ ನಗೆ ಬಂತು ನಿಂಗೆ?”

ಹತ್ತಿ ನೂಲಿನ ಲಡಿ ಕೈಯಲ್ಲೇ ಇತ್ತು. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ಅದರ ನಡುಕ ಕಾಲಡಿಗೆ ಬಂತು.

“ನನಗೆ ಕೇಳ್ಲಿಲ್ಲ” ಎಂದಳು ಕೌಸಲ್ಯಾ.

“ಪಕ್ಕದಲ್ಲೇ ಕೂತವಳಿಗೆ ಕೇಳ್ಲಿಲ್ಲವಾ?”

“ಕೇಳುದಿಲ್ಲ ಚಂಚಲಕ್ಕ. ಈ ಕಿವಿ ಪೂರ್ತಿ ಹೋಗಿದೆ. ಇದರಲ್ಲಿಯೂ ಅರ್ಧವೇ. ಭವಿತಾ ನಕ್ಕಳು ಅಂತ ಎಣಿಸಿ ನಾನು ನಕ್ಕದ್ದು. ನೀವು ಹೇಳಿದ್ದು ಒಂದು ಮಾತೂ ನನಗೆ ಕೇಳ್ಲಿಲ್ಲ.”

ಅದನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳುವಾಗ ತನ್ನ ದನಿ ಎಷ್ಟು ದೊಡ್ಡದಾಗಿ ಬಂತು ಎಂದೂ ಅವಳಿಗೆ ತಿಳಿಯಲಿಲ್ಲ. ಎದುರು ಅಂಗಡಿಯ ಕಟ್ಟೆಯಲ್ಲಿ ಕೂತವರು ತಿರುಗಿ ನೋಡಿದ್ದನ್ನು ನೋಡಿ ತಿಳಿಯಿತು. ಮುಹ್ಸಿನಾ, ಭವಿತಾ ಅಂಗಡಿಯಿಂದ ಹೊರಗೆ ಬಂದು ನಿಂತಿದ್ದರು. ಅವರಿಗೂ ಕೇಳಿಸಿತ್ತು.

ಚಂಚಲಕ್ಕ ಬೆಳಗಿನಿಂದ ಕಟ್ಟಿಟ್ಟ ಸಿಟ್ಟನ್ನು ಎಲ್ಲಿ ಇಡುವುದೆಂದು ತಿಳಿಯದವರ ಹಾಗೆ ಕೂತಿದ್ದರು. ಕೊನೆಗೆ ಕೈ ಚಾಚಿ ಅವಳ ಕೈಯಿಂದ ನೂಲಿನ ಲಡಿ ತೆಗೆದು ಮಡಿಲಲ್ಲಿಟ್ಟುಕೊಂಡರು.

ಆಮೇಲೆ ಎಲ್ಲರೂ ಬಹಳ ಒಳ್ಳೆಯವರಾದರು. ಕೌಸಲ್ಯಾಳಿಗೆ ಅದು ಸಹಿಸಲಾಗದಷ್ಟು ಕಷ್ಟವಾಯಿತು. “ಕೌಸಲ್ಯಕ್ಕ, ನೀರು ಬೇಕಾ?” ಎಂದು ಭವಿತಾ ಮೂರು ಅಂಗಡಿಗೆ ಕೇಳುವ ಹಾಗೆ ಕೂಗಿದಳು. ಅಚ್ಚುತರಿಗೆ ಯಾರು ಏನು ಹೇಳಿದರೋ, ಅವರು ಕೈಸನ್ನೆಯಲ್ಲೇ ಚೀಲ ಬೇಕೇ ಎಂದು ಕೇಳಿದರು. ಭವಿತಾಳಿಗೆ ಹಿಂದಿನದೆಲ್ಲ ಒಂದೊಂದಾಗಿ ನೆನಪಾಗತೊಡಗಿತು.

“ಅದಕ್ಕೇ ಆ ದಿವಸ ಕರೆದ್ರೂ ತಿರುಗಿ ನೋಡ್ಲಿಲ್ಲ ನೀವು. ನಾನು ಅಹಂಕಾರ ಅಂತ ಎಣಿಸಿದ್ದೆ ಅಕ್ಕ. ನನ್ನ ಮದುವೆ ವಿಷಯ ಹೇಳಿದಾಗಲೂ ಬರೀ ‘ಹೌದಾ’ ಅಂದ್ರಿ.”

ಭವಿತಾಳಿಗೆ ಮದುವೆ ನಿಶ್ಚಯವಾದದ್ದು ಕೌಸಲ್ಯಾಳಿಗೆ ಗೊತ್ತಾದದ್ದು ಅಲ್ಲಿ, ಕಡಬದ ರಸ್ತೆ ಬದಿಯಲ್ಲಿ, ಎಲ್ಲರೂ ಹಳೆಯದೆಂದು ಬಿಟ್ಟ ಸುದ್ದಿಯಾಗಿ.

ಹೊರಡುವಾಗ ಅವಳನ್ನು ಮುಂದೆ ಕೂರಿಸಿದರು. ಬೇಡ ಬೇಡ ಎಂದರೂ ಭವಿತಾ ಹಿಂದೆ ಹೋದಳು. ಮುಹ್ಸಿನಾ ಸ್ವಲ್ಪ ದೂರ ಅವಳಿಗೆ ಕೇಳುವ ಹಾಗೆ ಮಾತಾಡಿದಳು, ಮಂಗಳೂರಿನ ಡಾಕ್ಟರು, ಈಗಿನ ಚಿಕ್ಕ ಚಿಕ್ಕ ಮೆಷಿನುಗಳು, ತನ್ನ ಮಾವನವರು ಹಾಕಿಕೊಂಡದ್ದು. ಆಲಂಕಾರು ದಾಟುವಷ್ಟರಲ್ಲಿ ಅವಳಿಗೂ ದಣಿವಾಯಿತು. ಮಾತು ತಾನಾಗಿಯೇ ಹಿಂದಿನ ಸೀಟಿಗೆ ಸರಿಯಿತು. ತನ್ನ ಬಗ್ಗೆಯೇ ಇರಬಹುದು, ಬೇರೆಯೇ ಇರಬಹುದು. ಈಗ ನಗುವ ಕೆಲಸ ಇರಲಿಲ್ಲ. ಅದು ತಪ್ಪಿದ್ದಕ್ಕೆ ನೆಮ್ಮದಿಯಾಗಬೇಕಿತ್ತು. ಇಷ್ಟು ದಿನ ನಗುವಿನ ನೆಪದಲ್ಲಾದರೂ ಅವರ ನಡುವೆ ಇದ್ದೆ, ಈಗ ಕಾರಿನ ಮುಂದಿನ ಸೀಟಿನಲ್ಲಿ ಮರ್ಯಾದೆಯಿಂದ ಕೂರಿಸಿದ ಒಂದು ಪೆಟ್ಟಿಗೆಯಾದೆ ಎಂದೆನಿಸಿತು.

ಶಾಂತಿಮೊಗರು ಸೇತುವೆಯ ಹತ್ತಿರ ಮುಹ್ಸಿನಾ ಕಾರು ನಿಲ್ಲಿಸಿದಳು. ಹಿಂದೆ ಕೂತ ಭವಿತಾಳಿಗೆ ತಡೆಯಲಾಗಿರಲಿಲ್ಲ. ರಸ್ತೆ ಬದಿಗೆ ಓಡಿದವಳ ಬೆನ್ನು ನೀವುತ್ತಾ ಮುಹ್ಸಿನಾ ನಿಂತಳು. ಕೌಸಲ್ಯಾ ಸೇತುವೆಯ ಕಟ್ಟೆ ಹಿಡಿದು ಕೆಳಗೆ ನೋಡಿದಳು. ಕುಮಾರಧಾರೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಚಂಚಲಕ್ಕ ಬಂದು ಅವಳ ಎಡಕ್ಕೆ ನಿಂತವರು, ಏನೋ ನೆನಪಾಗಿ ಸುತ್ತಿ ಬಲಕ್ಕೆ ಬಂದರು.

“ಈ ಕಡೆ ಅಲ್ವಾ?”

“ಹೌದು.”

“ಯಾರಿಗೂ ಹೇಳ್ಲಿಲ್ಲವಾ ನೀನು?”

“ಇಲ್ಲ.”

“ನಾನೂ ಹೇಳಿರ್ಲಿಲ್ಲ. ಇವತ್ತು ಕಾರಿನಲ್ಲಿಯೇ ಮೊದಲು ಬಾಯಿ ಬಿಟ್ಟದ್ದು.” ಚಂಚಲಕ್ಕ ಕಟ್ಟೆಯ ಸಿಮೆಂಟನ್ನು ಉಗುರಿನಲ್ಲಿ ಕೆರೆದರು. “ದೇವಕಿ ಅಂತ. ನನಗಿಂತ ನಾಲ್ಕು ವರ್ಷಕ್ಕೆ ಸಣ್ಣವಳು. ಇನ್ನು ಮದ್ದು ಬೇಡ, ಮನೆಯಲ್ಲೇ ಇಟ್ಕೊಳ್ಳಿ ಅಂತ ಹೇಳಿದ್ದಾರೆ. ಬೆಳಿಗ್ಗೆ ಸುಳ್ಯದಲ್ಲಿ ಆಟೋ ಮಾಡಿ ಅಲ್ಲಿಗೇ ಹೋದದ್ದು. ಗುರ್ತ ಸಿಕ್ಕಿತು ಅವಳಿಗೆ.”

ಕೌಸಲ್ಯಾ ಕಾದಳು. ಅವರ ತುಟಿಗಳ ಮೇಲೆ ಕಣ್ಣಿಟ್ಟು, ಇನ್ನೂ ಬರಬಹುದೆಂದು ಕಾದಳು.

“ಮತ್ತೆ?”

“ಬೆಳಿಗ್ಗೆ ತುಂಬ ಹೇಳಿದ್ದೆ” ಎಂದರು ಚಂಚಲಕ್ಕ. “ಸಣ್ಣದಿರುವಾಗಿನದ್ದು, ಮತ್ತಿನದ್ದು ಎಲ್ಲ ಬಂದಿತ್ತು ಬಾಯಿಗೆ. ಈಗ ಹೇಳ್ಲಿಕ್ಕೆ ಹೋದ್ರೆ ಇಷ್ಟೇ ಬರುದು.”

ಕೌಸಲ್ಯಾ ಅವರ ಕೈ ಹಿಡಿದುಕೊಂಡಳು. ಅವರು ಬಿಡಿಸಿಕೊಳ್ಳಲಿಲ್ಲ, ಬಿಗಿಯಾಗಿ ಹಿಡಿಯಲೂ ಇಲ್ಲ. ಆ ಬೆಳಿಗ್ಗೆ ತನ್ನ ಪಕ್ಕದಲ್ಲೇ ಕೂತು ಒಬ್ಬ ಹೆಂಗಸು ತಂಗಿಯ ಇಡೀ ಬಾಳನ್ನು ಹೇಳಿ ಮುಗಿಸಿದ್ದರು. ಅದು ಮುಹ್ಸಿನಾಳಲ್ಲಿತ್ತು, ಭವಿತಾಳಲ್ಲಿತ್ತು. ತನಗೆ ಸಿಕ್ಕಿದ್ದು ಇಷ್ಟು. ಇನ್ನು ಎಷ್ಟು ಗಟ್ಟಿ ಕೇಳಿದರೂ ಅದು ತಿರುಗಿ ಬರುವುದಿಲ್ಲ.

ಭವಿತಾ ಬಾಯಿ ತೊಳೆದುಕೊಂಡು ಬಂದಳು. ಅವಳನ್ನು ಮತ್ತೆ ಮುಂದೆ ಕೂರಿಸಿ, ಕೌಸಲ್ಯಾ ಚಂಚಲಕ್ಕನ ಜೊತೆ ಹಿಂದೆ ಹೋದಳು. ಈ ಸಲ ಚಂಚಲಕ್ಕ ತಾವಾಗಿ ಮುಹ್ಸಿನಾಳ ಬೆನ್ನ ಹಿಂದಿನ ಸೀಟಿಗೆ ಸರಿದು, ಎಡಗಡೆಯ ಜಾಗವನ್ನು ಅವಳಿಗೆ ಬಿಟ್ಟರು. ಪುತ್ತೂರಿನವರೆಗೆ ಅವರು ಮಾತಾಡಲಿಲ್ಲ. ಕಣ್ಣು ಮುಚ್ಚಿ ಕೂತಿದ್ದರು.

ಮನೆಗೆ ಬಂದಾಗ ಹರಿಪ್ರಸಾದ್ ಅಂಗಡಿಯಿಂದ ಬಂದಿದ್ದ. ಸಂಜೆಯ ದೀಪ ಹಚ್ಚಿಯಾಗಿತ್ತು, ಅವನೇ ಹಚ್ಚಿದ್ದು. ಸಣ್ಣಕ್ಕೆ ಟಿವಿ ಹಾಕಿ ಕೂತಿದ್ದ. ಕೌಸಲ್ಯಾ ಚೀಲಗಳನ್ನು ಕೆಳಗಿಟ್ಟು, ಟಿವಿ ಬಂದ್ ಮಾಡಿ, ಅವನ ಎದುರು ನಿಂತಳು. ಕೂತರೆ ಧೈರ್ಯ ಹೋದೀತೆಂದು ನಿಂತೇ ಹೇಳಿದಳು.

“ನನಗೆ ಕಿವಿ ಕೇಳುದಿಲ್ಲ.”

ಹರಿಪ್ರಸಾದ್ ಅವಳನ್ನು ನೋಡಿದ. “ಗೊತ್ತುಂಟು.”

“ಯಾವಾಗಿಂದ?”

“ಶಾಲೆ ಬಿಡ್ಲಿಕ್ಕೆ ಮೊದಲೇ. ಕುಕ್ಕರ್ ಕೂಗಿದ್ರೂ ನೀನು ಅಲ್ಲೇ ನಿಂತು ತರಕಾರಿ ಹೆಚ್ತಾ ಇದ್ದೆ. ಬೆಳಿಗ್ಗೆ ನಾನು ಅಡಿಗೆ ಮನೆಯಲ್ಲಿ ಕೂತು ಪೇಪರ್ ಓದುದು ಅದಕ್ಕೇ, ಸ್ಟೌ ಆಫ್ ಮಾಡ್ಲಿಕ್ಕೆ.”

ಅಡುಗೆ ಮನೆಯಲ್ಲಿ ಬೆಳಕು ಚೆನ್ನಾಗಿದೆ ಎಂದು ಅಲ್ಲಿ ಓದುತ್ತಾನೆಂದು ಅವಳು ತಿಳಿದಿದ್ದಳು.

“ಮತ್ತೆ ಯಾಕೆ ಹೇಳ್ಲಿಲ್ಲ ನೀವು?”

“ನೀನೇ ಹೇಳ್ಲಿಲ್ಲ ಅಲ್ಲ. ಮೊಣಕಾಲು ಅಂದೆ. ಗೊತ್ತಾಗುದು ಬೇಡ ಅಂತ ಉಂಟು ನಿನಗೆ ಅಂತ ಎಣಿಸಿದೆ.”

“ಮಾತಾಡುದು ಬಿಟ್ಟದ್ದೂ ಅದಕ್ಕಾ?”

ಅವನು ತುಸು ಹೊತ್ತು ಯೋಚಿಸಿದ. ಅಂಗಡಿಯಲ್ಲಿ ಸುಟ್ಟ ಮೋಟಾರಿನ ಮುಂದೆ ಕೂತು ತಪ್ಪು ಎಲ್ಲಿದೆಯೆಂದು ನೋಡುವ ಹಾಗೆ. “ಗಟ್ಟಿ ಹೇಳ್ಬೇಕಾಗ್ತದೆ. ಗಟ್ಟಿ ಹೇಳಿದ್ರೆ ಬೈದ ಹಾಗೆ ಆಗ್ತದೆ, ನನಗೇ. ಆಚೆ ಮನೆಯವರು ಎಂತ ಎಣಿಸ್ತಾರೆ. ಬೇಡ ಅಂತ ಬಿಟ್ಟೆ.”

ಇಬ್ಬರಿಗೂ ಗೊತ್ತಿದ್ದ ಒಂದೇ ವಿಷಯವನ್ನು ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಅಡಗಿಸಿಟ್ಟುಕೊಂಡು ಇಷ್ಟು ದಿನ ಉಂಡು ಮಲಗಿ ಎದ್ದಿದ್ದರು. ಕೌಸಲ್ಯಾಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನ ಎಡಗಡೆ, ತನ್ನ ಬಲಗಿವಿ ಅವನ ಕಡೆಗಿರುವ ಹಾಗೆ, ಬೆಂಚಿನಲ್ಲಿ ಕೂತಳು.

“ಇವತ್ತು ಅಂಗಡಿಯಲ್ಲಿ ಎಂತ ಆಯ್ತು?”

“ಎಂತ ಆಗುದು. ದಿನಾ ಆಗುದೇ.”

“ಅದನ್ನೇ ಹೇಳಿ.”

ಹರಿಪ್ರಸಾದ್ ಮೊದಲು ಸಂಕೋಚಪಟ್ಟ. ಆಮೇಲೆ, ಕೋಡಿಂಬಾಡಿಯ ತಿರುಮಲೇಶ್ವರ ಎಂಬವರು ಪಂಪ್‌ಸೆಟ್ ತಂದದ್ದು, ಸುಟ್ಟಿದೆ ಎಂದು ಅವರು, ಸುಡಲಿಲ್ಲ ಎಂದು ತಾನು, ಬಿಚ್ಚಿ ನೋಡಿದರೆ ಒಳಗೆ ಇಡೀ ಇರುವೆ ಗೂಡು ಕಟ್ಟಿದ್ದು, ಅದನ್ನು ಕೊಡವಿದಾಗ ಇರುವೆಗಳೆಲ್ಲ ಅವರ ಪಂಚೆ ಹತ್ತಿದ್ದು, ಇದನ್ನೆಲ್ಲ ಹೇಳಿದ. ಅಭ್ಯಾಸ ತಪ್ಪಿ ಹೋದದ್ದರಿಂದ ಮಾತು ಅಲ್ಲಲ್ಲಿ ತಡವರಿಸಿತು. ಒಮ್ಮೆ ಗಟ್ಟಿಯಾಗುತ್ತಿತ್ತು, ಒಮ್ಮೆ ತೀರ ಸಣ್ಣಗಾಗುತ್ತಿತ್ತು. ಕೌಸಲ್ಯಾಳಿಗೆ ಅರ್ಧಕ್ಕರ್ಧ ತಪ್ಪಿತು. ತಪ್ಪಿದಲ್ಲೆಲ್ಲ ಅವನ ತೋಳು ಮುಟ್ಟಿ ನಿಲ್ಲಿಸಿ ಕೇಳಿದಳು. ಅವನು ಮಾತು ನಿಲ್ಲಿಸಿ, ಅಷ್ಟನ್ನು ಮತ್ತೆ ಹೇಳಿ, ಮುಂದೆ ಹೋದ.

ಕತೆ ಮುಗಿಯಿತು. ಸೋಮವಾರ ಮಂಗಳೂರಿನ ಡಾಕ್ಟರ ಹತ್ತಿರ ಹೋಗುವುದೆಂದು ಅವಳೇ ಹೇಳಿದಳು. ಅಂಗಡಿ ಮುಚ್ಚಿ ಜೊತೆಗೆ ಬರುತ್ತೇನೆ ಎಂದ ಅವನು. ನಾಳೆ ಸಂಜೆಯೂ ಅವನು ಹೀಗೆ ಹೇಳುತ್ತಾನೋ, ಮತ್ತೆ ಟಿವಿಯ ಮುಂದೆ ಕೂರುತ್ತಾನೋ ಅವಳಿಗೆ ಗೊತ್ತಿರಲಿಲ್ಲ. ಅವಳು ಎದ್ದು ಅನ್ನಕ್ಕೆ ನೀರಿಟ್ಟಳು. ಸ್ವಲ್ಪ ಹೊತ್ತಿನಲ್ಲಿ ಹರಿಪ್ರಸಾದ್ ಒಳಗೆ ಬಂದು, ಯಾವ ನೆಪವನ್ನೂ ಹುಡುಕದೆ, ಒಲೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತ.